ಹಸಿರು ಪೀಪಿ, ನೀಲಿ ಸಿಲಿಂಡರು

ನನ್ನ ಬಲ ಭುಜದ ಕೀಲು ಇಲ್ಲಿವರೆಗೆ ಮೂರು ಸಲ ತಪ್ಪಿದೆ. ಮೊದಲ ಸಲ ಮೆಲ್ಬರ್ನ್‌ನಲ್ಲಿ, ಕಂಪನಿ ಕೆಲಸಕ್ಕೆ ಹೋಗಿದ್ದಾಗ. ಆಮೇಲಿನ ಎರಡೂ ಪುಣೆಯಲ್ಲಿ. ಮೂರು ಸಲವೂ ನೋವಿಗೆ ಸಿಕ್ಕ ಮದ್ದು ಬೇರೆ ಬೇರೆ. ಹಾಗಾಗಿ ಕೋಥ್ರೂಡ್‌ನ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಈ ವಿಷಯಕ್ಕೆ ನಾನೇ ಪಂಡಿತ.

ಮೆಲ್ಬರ್ನ್‌ನಲ್ಲಿ ಆಂಬುಲೆನ್ಸ್‌ನವರು ಬಂದವರೇ ಕೈಗೊಂದು ಹಸಿರು ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಪೆಂಥ್ರಾಕ್ಸ್ ಅಂತ ಹೆಸರು. ಥೇಟ್ ಜಾತ್ರೆ ಪೀಪಿ, ಆದರೆ ಊದುವುದಲ್ಲ, ಎಳೆಯುವುದು. ಒಳಗಿನ ಬತ್ತಿಗೆ 3 ಎಂ.ಎಲ್. ಮೆಥಾಕ್ಸಿಫ್ಲುರೇನ್ ಸುರಿದಿರುತ್ತಾರೆ, ಅದರ ಆವಿ ಎಳೆಯಬೇಕು. ಹಣ್ಣಿನಂಥ ವಾಸನೆ. ಎಂಟು ಹತ್ತು ಉಸಿರಿಗೇ ನೋವು ಸ್ವಲ್ಪ ಆಚೆ ಹೋಗಿ ಕೂತಿತು. ಸಾಲದಿದ್ದರೆ ಪಕ್ಕದ ತೂತನ್ನು ಬೆರಳಿಂದ ಮುಚ್ಚಬೇಕು, ಕೊಳಲಿನ ಹಾಗೆ. ಆಗ ಹೊರಗಿನ ಗಾಳಿ ಕಡಿಮೆಯಾಗಿ ಆವಿ ಜಾಸ್ತಿ ಬರುತ್ತದೆ. ಬಿಡದೆ ಎಳೆದರೆ ಸುಮಾರು ಅರ್ಧ ಗಂಟೆಗೆ ಖಾಲಿ. ದಿನಕ್ಕೆ 6 ಎಂ.ಎಲ್. ಮೀರುವಂತಿಲ್ಲ, ಕಿಡ್ನಿ ತೊಂದರೆ ಇದ್ದವರಿಗೆ ಕೊಡುವುದೇ ಇಲ್ಲ. ಹಿಂದೆ ಇದನ್ನೇ ಅರಿವಳಿಕೆಗೆಂದು ಜಾಸ್ತಿ ಪ್ರಮಾಣದಲ್ಲಿ ಕೊಟ್ಟು ಕಿಡ್ನಿ ಕೆಟ್ಟ ಉದಾಹರಣೆಗಳಿವೆ.

ಎರಡನೇ ಸಲ ಪುಣೆ ಹತ್ತಿರದ ಸಿಂಹಗಡ ಕೋಟೆಯ ಬೆಟ್ಟ ಇಳಿಯುವಾಗ ಜಾರಿದೆ. ಬೆಟ್ಟದ ಬುಡದ ಅತ್ಕರವಾಡಿಗೆ ಬಂದ ಆಂಬುಲೆನ್ಸ್‌ನಲ್ಲಿ ಆಕ್ಸಿಜನ್ ಇತ್ತು, ನೋವಿಗೆ ಏನೂ ಇರಲಿಲ್ಲ. ಖಡಕ್ವಾಸ್ಲಾ ದಾಟುವವರೆಗೂ ಒಂದೊಂದು ಸ್ಪೀಡ್ ಬ್ರೇಕರನ್ನೂ ಭುಜದಲ್ಲೇ ಎಣಿಸಿದೆ. ಆಸ್ಪತ್ರೆಯಲ್ಲಿ ನರ ಸಿಗದೆ ಎರಡು ಕಡೆ ಚುಚ್ಚಿ, ಕೊನೆಗೆ ಟ್ರಮಡಾಲ್ ಅನ್ನುವ ನೋವಿನ ಇಂಜೆಕ್ಷನ್ ಕೊಟ್ಟರು. ನೋವು ತಗ್ಗುವ ಮೊದಲೇ ವಾಂತಿ. ಇಂಜೆಕ್ಷನ್ ಬಗ್ಗೆ ಇಷ್ಟು ಸಾಕು.

ಮೂರನೇ ಸಲ ಬಚ್ಚಲಲ್ಲಿ ಬಿದ್ದೆ. (ನಗಬೇಡಿ.) ಈ ಸಲ ಬೇರೆ ಆಸ್ಪತ್ರೆ. ಅಲ್ಲಿ ನೀಲಿ ಸಿಲಿಂಡರು ತಳ್ಳಿಕೊಂಡು ಬಂದರು, ಎಂಟೊನಾಕ್ಸ್. ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಕ್ಸಿಜನ್. ನಾವು ಉಸಿರು ಎಳೆದಾಗ ಮಾತ್ರ ವಾಲ್ವ್ ತೆರೆದುಕೊಂಡು ಬುಸ್ಸೆನ್ನುತ್ತದೆ. ಸಿಸ್ಟರ್ ವಿಜಯಪುರದವರು. ನನ್ನ ಹೆಸರು ಕೇಳಿದ್ದೇ ಕನ್ನಡಕ್ಕೆ ತಿರುಗಿದರು: "ಅಣ್ಣಾರ, ಮಾಸ್ಕ್ ನೀವ ಹಿಡೀರಿ. ನಾ ಹಿಡಿಯಂಗಿಲ್ಲ." ಅದರಲ್ಲೊಂದು ಗುಟ್ಟಿದೆ. ಮಂಪರು ಜಾಸ್ತಿಯಾದರೆ ಕೈ ತಾನೇ ಜಾರುತ್ತದೆ, ಗ್ಯಾಸ್ ನಿಲ್ಲುತ್ತದೆ. ಬೇರೆಯವರು ಒತ್ತಿ ಹಿಡಿದರೆ ಆ ಕಾವಲೇ ಹೋಯಿತಲ್ವಾ? ಒಂದೆರಡು ನಿಮಿಷದಲ್ಲಿ ತುಟಿ ಜುಮ್ಮೆಂದಿತು, ಡಾಕ್ಟರ ಮರಾಠಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. ಕೀಲು ಕೂತ 'ಟಕ್' ಸದ್ದು ಗೊತ್ತಾಯಿತು, ಅದು ನನ್ನದೇ ಭುಜ ಅನ್ನುವುದು ಆಮೇಲೆ ಹೊಳೆಯಿತು. ಮಾಸ್ಕ್ ತೆಗೆದು ಐದು ನಿಮಿಷಕ್ಕೆ ತಲೆ ತಿಳಿಯಾಗಿ ಚಹಾ ಕೇಳಿದೆ.

ಕೀಲು ಕೂರಿಸುವ ಆ ಎರಡು ನಿಮಿಷಕ್ಕೆ ನನ್ನ ಓಟು ಸಿಲಿಂಡರಿಗೇ. ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಆದರೆ ಎದೆಗೆ ಪೆಟ್ಟು ಬಿದ್ದು ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡವರಿಗೆ ಇದು ಅಪಾಯ. ನೈಟ್ರಸ್ ಒಳಸೇರಿ ಆ ಗಾಳಿಯನ್ನು ಇನ್ನೂ ಉಬ್ಬಿಸುತ್ತದೆ. ಅದಕ್ಕೇ ಸಿಸ್ಟರ್ ಮೊದಲು ಎದೆ, ತಲೆಗೆ ಏಟಾಗಿದೆಯಾ ಅಂತ ಎರಡೆರಡು ಸಲ ಕೇಳಿದ್ದು.

ದಾರಿಗೆ ಮಾತ್ರ ಪೀಪಿಯೇ ಸರಿ. ಆ ಸಿಲಿಂಡರನ್ನು ಸಿಂಹಗಡದ ಕಾಲುದಾರಿಯಲ್ಲಿ ಹೊತ್ತು ತರುವವರು ಯಾರು? ಪೀಪಿಯಾದರೆ ಜೇಬಲ್ಲಿ ಹಿಡಿಸುತ್ತದೆ.