ಹಸಿ ಬೀಜ ಬಾಟಲಿಗೆ ತುಂಬಿ ಅಮ್ಮನ ಬಿಳಿ ಶಂಖಪುಷ್ಪ ಕಳೆದುಕೊಂಡೆ

ನಮ್ಮ ಮನೆ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಅಂಗಳದ ಚಪ್ಪರಕ್ಕೆ ಬಿಳಿ ಶಂಖಪುಷ್ಪ ಹಬ್ಬಿತ್ತು. ಅಮ್ಮ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದ ಬೀಜ ಅದು. ನೀಲಿ ಬಳ್ಳಿ ನಮ್ಮ ಕಡೆ ಬೇಲಿಬೇಲಿಗೂ ಇದೆ, ಬಿಳಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಸೋಮವಾರ ಶಿವನ ಪೂಜೆಗೆ ಅಂತ ಅಕ್ಕಪಕ್ಕದವರೂ ಬಂದು ಕೊಯ್ದುಕೊಂಡು ಹೋಗುತ್ತಿದ್ದರು. ಆ ಬಳ್ಳಿ ಈಗ ಇಲ್ಲ, ನನ್ನ ಕೈಯಾರೆ ಹೋಯಿತು. ನಿಮಗೆ ಹೀಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಹೋದ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ಹಳೆ ಚಪ್ಪರ ಬಿಚ್ಚಬೇಕಿತ್ತು. ಬಳ್ಳಿಯಲ್ಲಿ ಕಾಯಿ ತುಂಬಾ ಇದ್ದವು. ಕೆಲವು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು, ಜಾಸ್ತಿ ಇನ್ನೂ ಹಸಿರು, ಅರೆ ಹಳದಿ. ಬಿಟ್ಟರೆ ಸಿಡಿದು ಹೋಗುತ್ತವೆ ಅಂತ ಎಲ್ಲವನ್ನೂ ಕೊಯ್ದೆ. ಬೀಜ ಬಿಡಿಸಿದೆ, ಎರಡು ದಿನ ಹರಡಿದೆ, ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿದೆ. ಬೀಜ ಇದೆಯಲ್ಲ ಅನ್ನುವ ಧೈರ್ಯಕ್ಕೆ ಬಳ್ಳಿಯನ್ನು ಬೇರುಸಹಿತ ಕಿತ್ತೆ.

ಸೆಪ್ಟೆಂಬರ್‌ನಲ್ಲಿ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಬಂತು. ಬೀಜಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಮೇಲೆ ಬೂದು ಬಣ್ಣದ ನೂಲು ನೂಲಾದ ಬೂಸ್ಟು. ಹಸಿ ಕಾಯಿಯ ಬೀಜಗಳು ಸುಕ್ಕಾಗಿ ಒಣದ್ರಾಕ್ಷಿಯಂತಾಗಿದ್ದವು. ಚೆನ್ನಾಗಿ ಕಂಡ ಕೆಲವದರಲ್ಲೂ ಸೂಜಿ ಚುಚ್ಚಿದಂತೆ ದುಂಡು ತೂತು. ಅದು ಹುಳ. ಹೆಸರುಕಾಳು, ಅಲಸಂದೆಗೆ ಬೀಳುವಂಥದ್ದೇ. ಶಂಖಪುಷ್ಪವೂ ಅವರೆ, ಅಲಸಂದೆಯ ಕುಟುಂಬದ್ದೇ ಅಲ್ವಾ? ಕಾಯಿ ಬಳ್ಳಿಯಲ್ಲಿರುವಾಗಲೇ ಮೊಟ್ಟೆ ಇಟ್ಟಿರುತ್ತದೆ, ಡಬ್ಬದೊಳಗೆ ಹೊರಗೆ ಬರುತ್ತದೆ. ಉಳಿದವನ್ನೆಲ್ಲ ನೆನೆಸಿ ಹಾಕಿದೆ. ಮೂರು ವಾರ ಕಾದೆ. ಒಂದೂ ಮೊಳೆಯಲಿಲ್ಲ. ಅಮ್ಮ ಏನೂ ಹೇಳಲಿಲ್ಲ, ಆ ಕುಂಡದ ಹತ್ತಿರ ಬರುವುದನ್ನೇ ಬಿಟ್ಟರು.

ಆ ಬೇಜಾರಿಗೆ ಆನ್‌ಲೈನ್‌ನಲ್ಲಿ ‘ಬಿಳಿ ಶಂಖಪುಷ್ಪ’ ಅಂತ ಪ್ಯಾಕೆಟ್ ತರಿಸಿದೆ. ಶಂಖಪುಷ್ಪದ ಬೀಜ ಸ್ವಲ್ಪ ಚಪ್ಪಟೆ, ಚಿಕ್ಕ ಕಾಳಿನ ಹಾಗೆ. ಬಂದದ್ದು ಕಿತ್ತಳೆ ತೊಳೆಯ ಹಾಗೆ ಮೂಲೆ ಮೂಲೆ ಇರುವ ಕಪ್ಪು ಬೀಜ. ಆಗಲೇ ಅನುಮಾನ ಪಡಬೇಕಿತ್ತು. ಮೊಳೆತಾಗ ಮೊದಲ ಎರಡು ಎಲೆ ನಡುವೆ ಸೀಳಿ ಚಿಟ್ಟೆ ರೆಕ್ಕೆಯಂತಿದ್ದವು. ಅದು ಮಾರ್ನಿಂಗ್ ಗ್ಲೋರಿ ಅನ್ನುವ ಬೇರೆಯೇ ಬಳ್ಳಿ. ಹೂವು ಚಂದವೇ, ಆದರೆ ಬೀಜ ವಿಷ. ತಿಂದರೆ ವಾಂತಿ, ಭ್ರಮೆ ಎಲ್ಲ ಆಗುತ್ತದೆ. ಶಂಖಪುಷ್ಪದ ಟೀ ಮಾಡುವ ಆಸೆಗೆ ಬೀಜ ತರಿಸುವವರು ತುಂಬಾ ಜನ ಇದ್ದಾರೆ. ಸಣ್ಣ ಮಕ್ಕಳಿರುವ ಮನೆಯವರು ಪ್ಯಾಕೆಟ್ ಮೇಲಿನ ಚಿತ್ರ ನಂಬದೆ ಬೀಜ ನೋಡಿ, ಎಲೆ ನೋಡಿ. ಬಲಿತ ಶಂಖಪುಷ್ಪದ ಬಳ್ಳಿಯಲ್ಲಿ ಒಂದು ಕಡ್ಡಿಗೆ ಐದೋ ಏಳೋ ಎಲೆ ಇರುತ್ತವೆ.

ಬೀಜ ಇಡುವುದಾದರೆ ಕಾಯಿ ಬಳ್ಳಿಯಲ್ಲೇ ಒಣಗಲಿ. ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಸಿಡಿಯುವ ಭಯವಿದ್ದರೆ ಹಳೆ ಸೀರೆಯ ತೆಳು ಬಟ್ಟೆಯನ್ನು ಕಾಯಿ ಗೊಂಚಲಿಗೆ ಸಡಿಲವಾಗಿ ಕಟ್ಟಿ. ಬಿಡಿಸಿದ ಬೀಜ ನೆರಳಲ್ಲಿ ವಾರಕ್ಕೂ ಜಾಸ್ತಿ ಒಣಗಲಿ, ಉಗುರು ಒತ್ತಿದರೆ ಗುರುತು ಬೀಳಬಾರದು. ನಮ್ಮಂಥ ಮಳೆಯ ಊರಲ್ಲಿ ಈ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಅಜ್ಜಿ ಒಲೆಯ ಬೂದಿ ಕಲಸಿ ಇಡುತ್ತಿದ್ದರು. ಅದನ್ನು ಸುಮ್ನೆ ಹಳೆ ಪದ್ಧತಿ ಅಂತ ಬಿಟ್ಟಿದ್ದೆ, ಬೂದಿ ಹುಳಕ್ಕೂ ತೇವಕ್ಕೂ ಆಗುತ್ತದೆ. ಎಲ್ಲ ಬೀಜ ಒಂದೇ ಡಬ್ಬಕ್ಕೆ ಹಾಕಬೇಡಿ, ಒಂದಿಷ್ಟು ಬೇರೆಯವರ ಮನೆಯಲ್ಲಿರಲಿ. ಹೊಸ ಬೀಜ ಮೊಳೆತು ಹೂ ಬಿಡುವವರೆಗೆ ತಾಯಿಬಳ್ಳಿ ಮಾತ್ರ ಕೀಳಲೇಬೇಡಿ.

ಅಮ್ಮನ ತವರಲ್ಲಿ ಈಗ ಬಿಳಿ ಬಳ್ಳಿ ಇಲ್ಲ. ಅಲ್ಲಿಂದ ವರ್ಷಗಳ ಹಿಂದೆ ಬೀಜ ಒಯ್ದಿದ್ದ ದೊಡ್ಡಮ್ಮನ ಮನೆಯಲ್ಲಿತ್ತು, ಹೋದ ತಿಂಗಳು 11 ಬೀಜ ಕೊಟ್ಟರು. 6 ಬೀಜವನ್ನು ರಾತ್ರಿ ನೆನೆಸಿ, ಉಬ್ಬದೆ ಉಳಿದ ಎರಡನ್ನು ಸ್ಯಾಂಡ್‌ಪೇಪರ್‌ಗೆ ಮೆಲ್ಲಗೆ ಉಜ್ಜಿ ಹಾಕಿದೆ. ನಾಲ್ಕು ಮೊಳೆತಿವೆ. ದೊಡ್ಡಮ್ಮನ ಬೇಲಿಯಲ್ಲಿ ಪಕ್ಕದಲ್ಲೇ ನೀಲಿ ಬಳ್ಳಿಯೂ ಇದೆ, ಪರಾಗ ಬೆರೆತಿರಬಹುದು. ಹೂ ಬಿಟ್ಟ ಮೇಲೇ ಬಣ್ಣ ಗೊತ್ತಾಗಬೇಕು. ಅಮ್ಮ ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಾರೆ.