ಗೋವಾದಲ್ಲಿ ಹೊಳೆ ದಂಡೆಯ ಪ್ಲಾಟ್ ನೋಡುತ್ತಿದ್ದೀರಾ? ಸ್ವಲ್ಪ ನಿಲ್ಲಿ

ಎರಡು ಲಕ್ಷ ಟೋಕನ್ ಕೊಟ್ಟು ಕೂತಿದ್ದೇನೆ. ವಾಸ್ಕೋಗೆ ಬಂದು 14 ವರ್ಷ ಆಯ್ತು, ಭರತ-ಇಳಿತ ದಿನಾ ನೋಡುತ್ತೇನೆ. ಆದರೂ ಮೋಸ ಹೋದೆ. ಹೇಳಿಕೊಳ್ಳಲು ನಾಚಿಕೆ.

ದಕ್ಷಿಣ ಗೋವಾದ ಸಾಲ್ಸೆಟ್ ಕಡೆ, ಸಾಳ್ ನದಿಗೆ ಸೇರುವ ಹೊಳೆ. ದಂಡೆಯ ಜಮೀನು ತುಂಡು ಮಾಡಿ ಮಾರುತ್ತಿದ್ದರು. ನಮ್ಮದು ಏರಿಯಿಂದ ಒಳಕ್ಕೆ 40 ಮೀಟರ್ ಉದ್ದ. ಏಜೆಂಟ್ ಗದಗ ಕಡೆಯವನು, ಬಾಯಿ ತುಂಬ ‘ಅಣ್ಣಾ’ ಅನ್ನುವವನು. ಸಿಆರ್‌ಝಡ್, ಅಂದರೆ ಕರಾವಳಿಯ ನೀರಿನ ದಂಡೆಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ನಿಯಮ, ಬರುತ್ತಲ್ವಾ ಅಂತ ಕೇಳಿದ್ದೇ ನಾನು. ‘100 ಮೀಟರ್, ಇಲ್ಲಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಬಿಟ್ರೆ ಸಾಕು ಅಣ್ಣಾ’ ಅಂದ. ಅದು ಸುಳ್ಳಲ್ಲ. 2011ರ ಅಧಿಸೂಚನೆಯಲ್ಲಿ ಹಾಗೇ ಇದೆ.

‘ಬರ್ರಿ, ನಿಮ್ಮ ಮುಂದೇ ಅಳೀತೀನಿ.’ ಬೆಳಿಗ್ಗೆ ಏಳಕ್ಕೆ ಕರೆದ. ಟೇಪಿನ ಒಂದು ತುದಿ ನನ್ನ ಕೈಗೇ ಕೊಟ್ಟ. ಇನ್ನೊಂದು ಹಿಡಿದು ಅವನ ಹುಡುಗ ಪ್ಯಾಂಟ್ ಮಡಚಿ ಆಚೆ ದಾಟಿದ. ನೀರು ಮೊಣಕಾಲಿಗೂ ಬರಲಿಲ್ಲ. 9 ಮೀಟರ್! ಉಳಿಯೋದು 31. ಖುಷಿಯಲ್ಲಿ ಅಲ್ಲೇ ಟೋಕನ್ ಕಳಿಸಿದೆ. ಕಾಲಡಿ ಬರೀ ಕೆಸರು, ತುಂಬ ಏಡಿ ತೂತು. ಅದನ್ನು ನೋಡಿಯಾದರೂ ಭರತದಲ್ಲಿ ಇಲ್ಲಿಗೂ ನೀರು ಬರುತ್ತೆ ಅಂತ ತಲೆಗೆ ಹೊಳೆಯಬೇಕಿತ್ತು.

ಹುಣ್ಣಿಮೆ ಮಧ್ಯಾಹ್ನ ಹೆಂಡತಿಗೆ ತೋರಿಸಲು ಹೋದೆ. ಹೊಳೆ ಎಲ್ಲಿ? ಕೆರೆ ಇತ್ತು. ನಾನು ಟೇಪ್ ಹಿಡಿದು ನಿಂತ ಜಾಗವೇ ನೀರಿನಡಿ. ಏರಿಯ ಬುಡಕ್ಕೆ ನೀರು ತಾಗುತ್ತಿತ್ತು. ‘ನಮ್ಮ ಪ್ಲಾಟ್ ಎಲ್ಲಿಂದ ಶುರು?’ ಅಂದಳು. ಮಾತೇ ಬರಲಿಲ್ಲ.

ಬೇರೆ ಸರ್ವೇಯರ್ ಕರೆಸಿದೆ. ಭರತದ ಗೆರೆಯಿಂದ ಗೆರೆಗೆ 34 ಮೀಟರ್. ಬಿಡುವ ಜಾಗ ಎಣಿಸುವುದೂ ಹುಣ್ಣಿಮೆ-ಅಮಾವಾಸ್ಯೆಯ ಭರತ ಮುಟ್ಟುವ ಆ ಗೆರೆಯಿಂದಲೇ. 40ರಲ್ಲಿ 34 ಹೋಯ್ತು. ಉಳಿದ ಆರರಲ್ಲಿ ಕಟ್ಟಡದ ಸುತ್ತಲಿನ ಸೆಟ್‌ಬ್ಯಾಕ್ ಜಾಗ ಬಿಟ್ಟು ಏನು ಕಟ್ಟಲಿ, ಕೋಳಿ ಗೂಡಾ?

ಫೋನ್ ಮಾಡಿದೆ. ‘ಟೇಪ್ ನೀವೇ ಹಿಡಿದಿದ್ರಲ್ಲ ಅಣ್ಣಾ.’ ಇಳಿತದಲ್ಲಿ ಯಾಕೆ ಅಳೆದೆ ಅಂದೆ. ‘ನೀರು ನನ್ನ ಮಾತು ಕೇಳ್ತದೇನ್ರಿ?’ ಮತ್ತೆ ಕೇಳಿದರೆ, ‘ಹುಣ್ಣಿಮೆ ದಿನ ಯಾಕ ಹೋದ್ರಿ ನೀವು?’ ತಪ್ಪು ನಂದೇ ಅನ್ನೋ ಹಾಗೆ! ದುಡ್ಡು ಕೇಳಿದ ಮೇಲೆ ‘ಅಣ್ಣಾ’ ಹೋಗಿ ‘ಮಿಸ್ಟರ್’ ಆದೆ. ಈಗ ಬರೀ ನೀಲಿ ಟಿಕ್.

ಟೋಕನ್‌ಗೆ ಮೊದಲು ಭರತದ ಗೆರೆ ಗುರುತಿಸಿದ ನಕ್ಷೆ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ನಮ್ಮೂರವನು ಅಂತ ಕರಗಬೇಡಿ, ನಾನು ಕರಗಿದ್ದೇ ಸಾಕು.

ನಿನ್ನೆ ಅದೇ ಪ್ಲಾಟಿನ ಜಾಹೀರಾತು ಮತ್ತೆ ಹಾಕಿದ್ದಾನೆ. ಫೋಟೋದಲ್ಲಿ ಟೇಪ್ ಹಿಡಿದು ನಗುತ್ತಾ ನಿಂತಿರೋದು ನಾನೇ.