ಬೊಂಬೆ ಹೊಟ್ಟೆ, ಗೆಳೆಯನ ಹೊಟ್ಟೆ, ರೋಗಿಯ ಹೊಟ್ಟೆ

ರೇಡಿಯಾಲಜಿ ಪಿಜಿಯ ಮೊದಲ ವರ್ಷ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗನ್ನು ನಾನು ಮೂರು ಕಡೆ ಕಲಿತೆ. ಸ್ಕಿಲ್ ಲ್ಯಾಬಿನ ಬೊಂಬೆ, ಹಾಸ್ಟೆಲಿನ ಗೆಳೆಯರು, ಓಪಿಡಿಗೆ ಬರುವ ರೋಗಿಗಳು. ಈಗ ಜೂನಿಯರ್‌ಗಳು ಬಂದು ಯಾವುದರಿಂದ ಶುರು ಮಾಡಲಿ ಎಂದು ಕೇಳುತ್ತಾರೆ. ಮೂರಕ್ಕೂ ಒಂದೇ ಪರೀಕ್ಷೆ ಇಟ್ಟು ನೋಡೋಣ: ಪಿತ್ತಕೋಶ, ಗುಲ್ಮ (ಸ್ಪ್ಲೀನ್), ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ). ಹೊಸಬರ ಬೆವರಿಳಿಸುವುದು ಇವೇ ಮೂರು.

ವಿಡಿಯೊಗಳನ್ನು ಪೈಪೋಟಿಗೆ ಸೇರಿಸಿಲ್ಲ. ನೋಡಿ, ಖಂಡಿತ ನೋಡಿ. ಆದರೆ ಅವುಗಳಲ್ಲಿ ಇರುವುದು ಚಿತ್ರ ಸಿಕ್ಕ ಮೇಲಿನ ಕತೆ. ನನಗೆ ಬೇಕಿದ್ದದ್ದು ಸಿಗುವ ಮುಂಚಿನ ಕತೆ.

ಬೊಂಬೆಯ ಪ್ರೋಬ್, ಅಂದರೆ ಹೊಟ್ಟೆ ಮೇಲಿಟ್ಟು ಆಡಿಸುವ ಸಾಧನ, ನಿಜವಾದದ್ದಲ್ಲ. ಅದು ಎಲ್ಲಿದೆ, ಎಷ್ಟು ವಾಲಿದೆ ಎಂಬುದನ್ನು ಕಂಪ್ಯೂಟರ್ ಗುರುತಿಸಿ, ಮೊದಲೇ ತುಂಬಿಟ್ಟ ಚಿತ್ರದ ಆ ತುಂಡನ್ನು ತೋರಿಸುತ್ತದೆ. ವಾಲಿಸುವುದಕ್ಕೂ ತಿರುಗಿಸುವುದಕ್ಕೂ ಏನು ವ್ಯತ್ಯಾಸ ಎಂದು ಕೈಗೆ ಗೊತ್ತಾಗಿದ್ದು ಇಲ್ಲೇ. ಲಿವರ್ ಮತ್ತು ಬಲ ಕಿಡ್ನಿಯ ನಡುವಿನ ಸಂದಿನಲ್ಲಿ ರಕ್ತ ನಿಂತರೆ ಹೇಗೆ ಕಪ್ಪಗೆ ಕಾಣುತ್ತದೆ ಎಂಬುದನ್ನು ಒಂದೇ ಮಧ್ಯಾಹ್ನ ಇಪ್ಪತ್ತು ಸಲ ನೋಡಿದೆ. ಅಂಥ ರೋಗಿ ಓಪಿಡಿಯಲ್ಲಿ ಬೇಕೆಂದಾಗ ಸಿಗುವುದಿಲ್ಲ, ಸಿಕ್ಕರೂ ಆ ಹೊತ್ತಿನಲ್ಲಿ ನನ್ನಂಥವನ ಕೈಗೆ ಪ್ರೋಬ್ ಕೊಡುವುದಿಲ್ಲ. ಆದರೆ ನಮ್ಮ ಬೊಂಬೆಗೆ ಜೆಲ್ ಬೇಡ. ಜೋರಾಗಿ ಒತ್ತಿದರೂ ಸುಮ್ನೆ ಇಟ್ಟರೂ ಅದೇ ಚಿತ್ರ. ಚಿತ್ರಕ್ಕೆ ಅಡ್ಡ ಬರುವ ಗ್ಯಾಸ್ ಅದರ ಹೊಟ್ಟೆಯಲ್ಲಿ ಇಲ್ಲ. ಪಿತ್ತಕೋಶ ಹತ್ತು ಸೆಕೆಂಡಿನಲ್ಲಿ, ಗುಲ್ಮ ಇಪ್ಪತ್ತರಲ್ಲಿ ಸಿಗುತ್ತಿತ್ತು. ಪ್ಯಾಂಕ್ರಿಯಾಸ್ ಬಾಲದ ತುದಿಯವರೆಗೆ! ನಾಲ್ಕನೇ ದಿನಕ್ಕೆ ನನಗೆ ಎಲ್ಲಾ ಬರುತ್ತದೆ ಅನ್ನಿಸಿಬಿಟ್ಟಿತು.

ಆ ಜಂಬ ಇಳಿಸಿದ್ದು ರೂಮ್‌ಮೇಟ್. ಮೊದಲ ದಿನ ಅವನಲ್ಲಿ ಪಿತ್ತಕೋಶವೇ ಇರಲಿಲ್ಲ. ಕಾಲು ಗಂಟೆ ಹುಡುಕಿದೆ. ಆಮೇಲೆ ಕೇಳಿದರೆ, ಮೆಸ್ಸಿನಲ್ಲಿ ಪೂರಿ ತಿಂದು ನೇರ ಬಂದಿದ್ದ. ಎಣ್ಣೆ ತಿಂದರೆ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಅದಕ್ಕೇ ಆರು ಗಂಟೆ ಏನೂ ತಿನ್ನಬೇಡಿ ಎನ್ನುವುದು. ಓದಿದ್ದೆ. ಮರೆತಿದ್ದೆ. ಅಲ್ಲಿಂದ ಮುಂದೆ ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆ, ಆಮೇಲೆ ನನ್ನ ಖರ್ಚಿನಲ್ಲಿ ಮಸಾಲೆ ದೋಸೆ ಎಂಬ ಒಪ್ಪಂದವಾಯಿತು.

ಮಷೀನನ್ನು ಹಾಸ್ಟೆಲಿಗೆ ತರುವ ಮಾತೇ ಇಲ್ಲ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಪ್ರತಿ ಮಷೀನೂ ನೋಂದಣಿಯಾಗಬೇಕು, ನೋಂದಣಿಯಾದ ಜಾಗದಲ್ಲೇ ಇರಬೇಕು. ಇಂಗ್ಲೆಂಡಿನ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ನಮ್ಮಕ್ಕ, ಫೋನಿಗೆ ಸಿಕ್ಕಿಸುವ ಪುಟ್ಟ ಪ್ರೋಬನ್ನು ಜೇಬಲ್ಲಿಟ್ಟುಕೊಂಡು ವಾರ್ಡ್ ಸುತ್ತುತ್ತಾಳೆ. ನಮಗೆ ಆ ದಾರಿ ಇಲ್ಲ. ಬೇಜಾರಾಗುತ್ತದೆ, ಆದರೆ ಕಾಯ್ದೆ ಯಾಕೆ ಬಂತು ಎಂದು ಗೊತ್ತಿದ್ದವರು ಗೊಣಗುವ ಹಾಗಿಲ್ಲ. ಹಾಗಾಗಿ ಡಿಪಾರ್ಟ್‌ಮೆಂಟಿನಲ್ಲೇ, ಸೀನಿಯರ್ ಒಬ್ಬರ ಮುಂದೆ.

ಗೆಳೆಯರ ಹೊಟ್ಟೆಯ ಲಾಭ ಎಂದರೆ ಅದು ಮಾತಾಡುತ್ತದೆ. 'ಲೇ, ಪಕ್ಕೆಲುಬಿಗೆ ಒತ್ತಬೇಡ ಕಣೋ' ಎನ್ನುತ್ತದೆ. ಹೊಟ್ಟೆಗೆ ಬಳಸುವ ಬಾಗಿದ ಪ್ರೋಬಿನ ಮುಖ ಸುಮಾರು ಆರು ಸೆಂಟಿಮೀಟರ್ ಉದ್ದ. ಪಕ್ಕೆಲುಬಿನ ಸಂದು ಅಷ್ಟಿಲ್ಲ. ಅಡ್ಡ ಇಟ್ಟರೆ ಎಲುಬಿನ ನೆರಳು ಬಿದ್ದು ಗುಲ್ಮ ಪಟ್ಟೆ ಪಟ್ಟೆಯಾಗುತ್ತದೆ. ಸ್ವಲ್ಪ ಓರೆಯಾಗಿ, ಸಂದಿನ ಜೊತೆಗೇ ತಿರುಗಿಸಬೇಕು. ಇನ್ನೂ ಹಿಂದಕ್ಕೆ ಹೋಗಬೇಕು, ಬೆರಳ ಗೆಣ್ಣು ಹಾಸಿಗೆಗೆ ತಾಗುವಷ್ಟು ಹಿಂದಕ್ಕೆ. ಬೊಂಬೆಯ ಮೇಲೆ ನಾನು ಎಂದೂ ಅಷ್ಟು ಹಿಂದೆ ಹೋಗಿರಲಿಲ್ಲ.

ಸರದಿ ಬದಲಾಗಿ ನಾನು ಮಲಗಿದಾಗ ಇನ್ನೊಂದು ಗೊತ್ತಾಯಿತು. ಗೆಳೆಯ 'ಉಸಿರು ಹಿಡ್ಕೋ' ಎಂದ. ಆಮೇಲೆ ಫ್ರೀಜ್ ಬಟನ್ ಹುಡುಕಿದ, ಅಳತೆ ತೆಗೆದ, ಏನೋ ಟೈಪ್ ಮಾಡಿದ. ನನ್ನ ಕಣ್ಣು ಮೇಲೆ ಹೋಗಿತ್ತು. ಅಂದಿನಿಂದ ನಾನು ಫ್ರೀಜ್ ಒತ್ತಿದ ತಕ್ಷಣ 'ಬಿಡಿ' ಎನ್ನುತ್ತೇನೆ, ಅಳತೆ ಆಮೇಲೆ.

ನಷ್ಟವೂ ಇದೆ. ಇವರೆಲ್ಲ ಇಪ್ಪತ್ತೈದು ದಾಟಿದ ಗಟ್ಟಿಮುಟ್ಟು ಹುಡುಗರು. ಪಿತ್ತಕೋಶದ ಗೋಡೆ 3 ಮಿಲಿಮೀಟರ್ ಒಳಗೇ, ಪಿತ್ತನಾಳ 6ರ ಒಳಗೇ, ಎಲ್ಲವೂ ಪಾಠದಲ್ಲಿದ್ದಂತೆ. ಕಾಯಿಲೆ ಅಂತ ಸಿಕ್ಕಿದ್ದು ಫ್ಯಾಟಿ ಲಿವರ್ ಒಂದೇ. ಕಿಡ್ನಿಯ ಪಕ್ಕ ಲಿವರ್ ಹಾಲಿನಂತೆ ಬೆಳ್ಳಗೆ ಕಂಡಿತು. ಆ ಗೆಳೆಯ ರಾತ್ರಿ ಹನ್ನೊಂದರ ಪರೋಟ ಬಿಟ್ಟ, ಒಂದು ವಾರ. ಹೀಗೆ ಏನಾದರೂ ಸಿಕ್ಕರೆ ಯಾರಿಗೆ ಹೇಳಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ನಾವು ಆಡಿರಲಿಲ್ಲ, ಆ ಸಂಜೆ ಮುಜುಗರವಾಯಿತು.

ಓಪಿಡಿಯ ಲೆಕ್ಕವೇ ಬೇರೆ. ಹೊರಗೆ ಉದ್ದ ಸಾಲು. ಖಾಲಿ ಹೊಟ್ಟೆಯಲ್ಲಿ ಬಂದವರು, ಮೂತ್ರ ಕಟ್ಟಿಕೊಂಡು ಕೂತವರು, ಸಿಡಿಮಿಡಿ. ಮೊದಲ ಪಾಠ ಪ್ರೋಬಿನದ್ದಲ್ಲ, ಮಾತಿನದ್ದು. ನಾನು ಹಳೇ ಮೈಸೂರು ಕಡೆಯವನು, ಕಾಲೇಜು ಉತ್ತರ ಕರ್ನಾಟಕದಲ್ಲಿ. 'ಉಸಿರು ಎಳೆದು ಹಿಡ್ಕೊಳ್ಳಿ' ಎಂದರೆ ಒಬ್ಬ ಅಜ್ಜಿ ಎಳೆದು, ಬಿಟ್ಟು, ನನ್ನನ್ನೇ ನೋಡುತ್ತಿದ್ದರು. ಸಿಸ್ಟರ್ ಬಂದು 'ದಮ್ಮ ಹಿಡೀರಿ ಯವ್ವಾ' ಎಂದರು. ಲಿವರ್ ಪಕ್ಕೆಲುಬಿನ ಕೆಳಗೆ ಇಳಿಯಿತು, ಹಿಂದೆಯೇ ಪಿತ್ತಕೋಶ ಬಂತು. ಅದೂ ಆಗದಿದ್ದರೆ 'ಹೊಟ್ಟಿ ಉಬ್ಬಿಸ್ರಿ' ಎಂದರೂ ನಡೆಯುತ್ತದೆ.

ನಾನು ಮರೆಯದ ತಪ್ಪೂ ಇಲ್ಲೇ ಆಗಿದ್ದು. ಊಟದ ಮೇಲೆ ಬಲಗಡೆ ನೋವು ಎಂದು ಬಂದವರೊಬ್ಬರ ಪಿತ್ತಕೋಶ ನೋಡಿ 'ನಾರ್ಮಲ್' ಎಂದೆ. ಸೀನಿಯರ್ ಏನೂ ಹೇಳಲಿಲ್ಲ. ಅವರನ್ನು ಎಡಮಗ್ಗುಲಿಗೆ ಹೊರಳಿಸಿ ಪ್ರೋಬ್ ಇಟ್ಟರು. ಪಿತ್ತಕೋಶದ ಕತ್ತಿನಲ್ಲಿ ಅಡಗಿದ್ದ ಕಲ್ಲು ಉರುಳಿ ಬಂತು, ಹಿಂದೆ ಕಪ್ಪು ನೆರಳು ಬಿಟ್ಟುಕೊಂಡು. ಮಗ್ಗುಲು ಬದಲಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಬೊಂಬೆ ಮಗ್ಗುಲಾಗುವುದಿಲ್ಲ, ಗೆಳೆಯರಿಗೆ ಕಲ್ಲಿಲ್ಲ. ಮಳೆಗಾಲದಲ್ಲಿ ಡೆಂಗಿ ಶುರುವಾದಾಗ ಇನ್ನೊಂದು ಬಗೆ: ಗೋಡೆ ದಪ್ಪ ಊದಿರುತ್ತದೆ, ಕಲ್ಲು ಇರುವುದಿಲ್ಲ, ಸುತ್ತ ನೀರು. ಅಂಥ ನಾಲ್ಕು ಹೊಟ್ಟೆ ನೋಡಿದ ಮೇಲೆ ಗೋಡೆ ದಪ್ಪ ಕಂಡ ಕೂಡಲೇ ಸೋಂಕು ಎಂದು ಬರೆಯುವ ಚಾಳಿ ಹೋಯಿತು.

ಓಪಿಡಿಯ ದೋಷ ಸಮಯ. ತಡಕಾಡುವವನಿಗೆ ಎರಡು ನಿಮಿಷ, ಆಮೇಲೆ ಪ್ರೋಬ್ ಕೈಯಿಂದ ಹೋಗುತ್ತದೆ. ರೋಗಿಯ ಕಡೆಯಿಂದ ನೋಡಿದರೆ ಅದು ಸರಿಯೇ. ಕಲಿಯುವವನಿಗೆ ಹೊಟ್ಟೆ ಉರಿಯುತ್ತದೆ.

ಜೂನಿಯರ್‌ಗಳಿಗೆ ನಾನು ಹೇಳುವುದು: ಬೊಂಬೆಗೆ ಒಂದು ವಾರ ಸಾಕು, ಜಾಸ್ತಿ ಬೇಡ. ಭಾನುವಾರಗಳನ್ನು ಗೆಳೆಯರಿಗೆ ಕೊಡಿ, ಆದಷ್ಟು ದಪ್ಪಗಿರುವವರನ್ನು ಹುಡುಕಿ. ಓಪಿಡಿಯಲ್ಲಿ ಮೊದಲ ದಿನದಿಂದಲೇ ನಿಂತಿರಿ. ಒಂದನ್ನೇ ಆರಿಸು ಎಂದರೆ ನಾನು ಗೆಳೆಯರನ್ನೇ ಆರಿಸುತ್ತೇನೆ. ಎರಡು ನಿಮಿಷದಲ್ಲಿ ತಡಕಾಡದಿರುವ ಕೈ ಬಂದಿದ್ದು ಅಲ್ಲಿಂದ.

ಪ್ಯಾಂಕ್ರಿಯಾಸ್ ಬಗ್ಗೆ ಹೇಳಲೇ ಇಲ್ಲ, ಅಲ್ವಾ? ಬೊಂಬೆಯಲ್ಲಿ ಪೂರ್ತಿ ಕಂಡಿತ್ತು. ಗೆಳೆಯರಿಗೆ ಎರಡು ಲೋಟ ನೀರು ಕುಡಿಸಿ, ಹೊಟ್ಟೆಯ ನೀರನ್ನೇ ಕಿಟಕಿ ಮಾಡಿಕೊಂಡರೆ ಮುಕ್ಕಾಲು ಕಾಣುತ್ತಿತ್ತು. ಓಪಿಡಿಯಲ್ಲಿ ಈಗಲೂ ಎಷ್ಟೋ ಸಲ ತಲೆ ಕಂಡರೆ ಬಾಲ ಇಲ್ಲ. 'ಬಾಲದ ಭಾಗ ಗ್ಯಾಸ್‌ನಿಂದಾಗಿ ಕಾಣಲಿಲ್ಲ' ಎಂದು ಬರೆದು ಮುಂದಿನವರನ್ನು ಕರೆಯುತ್ತೇನೆ.